ದಾಕ್ಷಾಯಣಮ್ಮನ ಎಕ್ಸ್‌ಟೆನ್ಷನ್

ಹೊಸ ಮುಖ್ಯಾಧಿಕಾರಿ ಶಶಿರೇಖಾ ಮೇಡಂ ನಮ್ಮ ಪುರಸಭೆಗೆ ಬಂದ ಹೊಸತರಲ್ಲಿ, ತುಂಬಿದ ಸಭೆಯ ನಡುವೆ ನೀರು ಸರಬರಾಜು ವಿಭಾಗಕ್ಕೆ ಫೋನ್ ಮಾಡಿದರು. ಎತ್ತಿದ್ದು ಅವರ ತಾಯಿ. ಸ್ಪೀಕರ್ ಹಾಕಿಟ್ಟಿದ್ದರಿಂದ ಸಭೆಗೆಲ್ಲ ಕೇಳಿಸಿತು. "ಶಶೀ, ಬೆಳಿಗ್ಗೆ ಅರ್ಧ ದೋಸೆ ಬಿಟ್ಟು ಹೋದೆಯಲ್ಲೇ, ಹೊಟ್ಟೆ ಏನಾದ್ರೂ ಸರಿ ಇಲ್ವಾ?" ಮೇಡಂ ಮುಖ ಕೆಂಪಾಯಿತು. ಸದಸ್ಯರು ಯಾರೂ ನಗಲಿಲ್ಲ. ಬದಲಿಗೆ ಹಿರಿಯ ಸದಸ್ಯ ಗುರುಶಾಂತಪ್ಪನವರು ಮೇಜಿನ ಮೇಲೆ ಬಾಗಿ, "ಇಲ್ಲ ತಾಯೀ, ಈಗ ಇಲ್ಲಿ ಎರಡು ಬಾಳೆಹಣ್ಣು ತಿಂದ್ರು, ಚೆನ್ನಾಗಿದಾರೆ" ಎಂದು ಫೋನಿಗೇ ಸಮಾಧಾನ ಹೇಳಿದರು. ನಮ್ಮೂರಲ್ಲಿ ಅದು ದಿನನಿತ್ಯದ ಸಂಗತಿ. ಯಾವ ನಂಬರ್ ಒತ್ತಿದರೂ, ಆ ಗಳಿಗೆಯಲ್ಲಿ ನಿಮ್ಮನ್ನು ಎಲ್ಲರಿಗಿಂತ ಹೆಚ್ಚಾಗಿ ಯಾರು ನೆನೆಸುತ್ತಿರುತ್ತಾರೋ ಅವರ ಫೋನೇ ಇಲ್ಲಿ ಗಂಟೆ ಹೊಡೆಯುವುದು. ಕಂಬಕ್ಕೆ ತಂತಿ ಕಟ್ಟಿದ ಕಾಲದಿಂದ ಹೀಗೇ. ಮೊಬೈಲ್ ಬಂದಾಗಲೂ ಅದೇ ಕತೆ. ಮೇಡಂ ಹೊರಗಿನವರು, ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಅಂತ ಯಾರಿಗೂ ಅನ್ನಿಸಿರಲೂ ಇಲ್ಲ.

ನಾವೆಲ್ಲ ಅದಕ್ಕೆ ಹೊಂದಿಕೊಂಡು ಬದುಕಿದವರು. ಡಾಕ್ಟರಿಗೆ ಫೋನ್ ಮಾಡಬೇಕಾದವರು ಹಿಂದಿನ ದಿನ ಅವರ ಕ್ಲಿನಿಕ್ಕಿನಲ್ಲಿ ಕೊಡೆಯನ್ನೋ ಟವೆಲನ್ನೋ ಮರೆತು ಬರುತ್ತಿದ್ದರು. ಅದನ್ನು ಕಂಡಾಗಲೆಲ್ಲ ಡಾಕ್ಟರಿಗೆ ಇವರ ನೆನಪಾಗಲಿ ಅಂತ. ಗ್ಯಾಸ್ ಏಜೆನ್ಸಿಯವನು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕಣ್ಣು ಮುಚ್ಚಿ ಗಿರಾಕಿಗಳನ್ನು ಒಬ್ಬೊಬ್ಬರಾಗಿ ನೆನೆಸಿಕೊಳ್ಳುತ್ತ ಕೂರುತ್ತಿದ್ದ, ನೋಡಿದವರು ಜಪ ಅಂದುಕೊಳ್ಳಬೇಕು. ನೀರು ಬಿಡುವ ಪರಸಪ್ಪನದು ಮಾತ್ರ ಬೇರೆಯೇ ಪಾಡು. ನಲ್ಲಿ ಒಣಗಿದ ಮನೆಯವರೆಲ್ಲ ಹಗಲಿಡೀ ಅವನನ್ನೇ ನೆನೆಸುವುದರಿಂದ, ಅವನು ಹೆಂಡತಿಗೆ ಮಾಡಿದ ಫೋನು ಯಾವತ್ತೂ ಹೆಂಡತಿಗೆ ಹೋದದ್ದಿಲ್ಲ. ಯಾರೋ ಕೊಡ ಹಿಡಿದುಕೊಂಡ ಹೆಂಗಸು ಎತ್ತಿ ಬೈಯುತ್ತಿದ್ದಳು. ಇನ್ನು ಫೋನ್ ಬಂದಾಗ "ಯಾರು?" ಎಂದು ಕೇಳುವ ರೂಢಿ ನಮ್ಮಲ್ಲಿರಲಿಲ್ಲ. ಯಾರನ್ನು ನೆನೆಸುತ್ತಿದ್ದೆವೋ ಅವರೇ ಅಲ್ಲವೇ ಆ ಕಡೆ ಇರುವುದು? ಎತ್ತಿದವರು ಹೆಸರು ಹಿಡಿದೇ ಮಾತಾಡಿಸುತ್ತಿದ್ದರು.

ದೋಸೆಯ ಸಭೆ ಆದ ಮೇಲೆ ಮೇಡಂ ನನ್ನನ್ನು ಕರೆಸಿದರು. ನಾನು ತಿಪ್ಪೇಶ. ಪುರಸಭೆಯ ಕಂಪ್ಯೂಟರು, ಪ್ರಿಂಟರು, ಯುಪಿಎಸ್ಸು, ಒಟ್ಟಿನಲ್ಲಿ ಪ್ಲಗ್ ಇರುವುದೆಲ್ಲ ನನ್ನ ಜವಾಬ್ದಾರಿ. "ತಿಪ್ಪೇಶ್, ಇಂಟರ್‌ನೆಟ್ ಫೋನ್ ಹಾಕೋಣ. ಒಂದು ಸರ್ವರ್ ಇಟ್ರೆ ಕರೆಗಳನ್ನೆಲ್ಲ ಅದೇ ನೋಡ್ಕೊಳ್ಳುತ್ತೆ. ಯಾವ ಟೇಬಲ್‌ಗೆ ಯಾವ ನಂಬರ್ ಅಂತ ನಾವು ಬರೆದಿಟ್ರೆ ಅಲ್ಲಿಗೇ ಹೋಗುತ್ತೆ. ಹೊರಗೆ ಮಾಡೋ ಕರೇನೂ ಅದರ ಮೂಲಕವೇ. ಆಗುತ್ತೋ ಇಲ್ವೋ?" ಎಂದರು. "ಆಗುತ್ತೆ ಮೇಡಂ" ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೆ ಪುರಸಭೆಯಲ್ಲಿ ಮೊದಲು ಹೂಂ ಅನ್ನುವುದು, ಆಮೇಲೆ ಯೋಚನೆ ಮಾಡುವುದು, ಇದು ನಾನು ಕಲಿತ ಪಾಠ.

ಸುದ್ದಿ ಊರಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುರುಶಾಂತಪ್ಪನವರು ಚಹಾದಂಗಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಅವರು ಕೋಪದ ಮನುಷ್ಯರಲ್ಲ, ಅವತ್ತೂ ಮೆತ್ತಗೇ ಮಾತಾಡಿದರು. "ಅಲ್ಲೋ ತಿಪ್ಪೇಶಿ, ನಮ್ಮನ್ನ ನೆನೆಸದೇ ಇರೋರ ಮನೆ ಫೋನ್ ಬಾರಿಸೋದು ಅಂದ್ರೆ ಏನು? ಬಾಗಿಲು ಬಡೀದೆ ಅಡಿಗೆ ಮನೆಗೆ ನುಗ್ಗಿದಂಗಲ್ವೇನೋ? ಅವರು ಪಾಪ ಏನೋ ತಮ್ಮ ಪಾಡಿಗೆ ಇರ್ತಾರೆ." ನಾನು ಚಹಾ ಮುಗಿಸಿ ಹೊರಟೆ. ಮನೆಗೆ ಹೋದರೆ ಅಲ್ಲಿ ನನ್ನ ಹೆಂಡತಿ ಕಲಾ ಅದೇ ಮಾತನ್ನು ಇನ್ನೊಂದು ಕಡೆಯಿಂದ ಎತ್ತಿದಳು. ನಾನು ಎಲ್ಲಿಂದ ಫೋನ್ ಮಾಡಿದರೂ ಅವಳೇ ಎತ್ತುತ್ತಿದ್ದಳು, ಮದುವೆಯಾದಾಗಿನಿಂದ. "ನಾಳೆಯಿಂದ ನೀವು ನಂಬರ್ ಒತ್ತಿ ಮಾಡಿದ್ರೆ, ನಾನು ನಿಮ್ಮನ್ನ ನೆನೆಸ್ತಾ ಇದ್ನೋ ಇಲ್ವೋ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದಳು. "ಕೇಳ್ತೀನಿ" ಎಂದೆ. "ನಾನು ನಿಜ ಹೇಳ್ತೀನಿ ಅಂತ ಏನು ಗ್ಯಾರಂಟಿ?" ಎಂದು ಮುಸುರೆ ತಿಕ್ಕುತ್ತಲೇ ನಕ್ಕಳು. ಆ ನಗು ನನ್ನನ್ನು ಎರಡು ದಿನ ಕಾಡಿತು.

ಕೊನೆಗೆ ಸಾಮಾನ್ಯ ಸಭೆಯಲ್ಲಿ ಒಂದು ಒಪ್ಪಂದವಾಯಿತು. ಸರ್ವರ್ ಅನ್ನು ಪ್ರಯೋಗಕ್ಕೆ ಅಂತ ಮೊದಲು ಕೂರಿಸುವುದು. ಮುಂದಿನ ಸಭೆಯಲ್ಲಿ ಎಲ್ಲರೂ ನೋಡಿ, ಇಟ್ಟುಕೊಳ್ಳುವುದೋ ಬಿಚ್ಚಿ ವಾಪಸ್ ಕಳಿಸುವುದೋ ತೀರ್ಮಾನಿಸುವುದು.

ಸರ್ವರ್ ಬಂದಾಗ ನೋಡಲು ಜನ ಸೇರಿದ್ದರು. ಟ್ರಂಕಿನಷ್ಟು ದೊಡ್ಡದಿರಬಹುದು ಅಂದುಕೊಂಡಿದ್ದವರಿಗೆ, ಮಿಠಾಯಿ ಡಬ್ಬಿಯಂಥ ಕಪ್ಪು ಪೆಟ್ಟಿಗೆ ನೋಡಿ ನಿರಾಸೆಯಾಯಿತು. ಅದನ್ನು ಹಿಂಬದಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಗೋಡೆಗುಂಟ ಕೇಬಲ್ ಎಳೆದು, ಪ್ರತಿ ಮೇಜಿಗೂ ಒಂದೊಂದು ಫೋನ್ ಇಟ್ಟು, ಪ್ರತಿ ಫೋನಿಗೂ ಒಂದೊಂದು ಎಕ್ಸ್‌ಟೆನ್ಷನ್ ನಂಬರ್ ಕೊಟ್ಟೆ. ಎಳೆದ ಕೇಬಲ್ ಕಟ್ಟಕಡೆಗೆ ಮುಟ್ಟಿದ್ದು ಜನನ-ಮರಣ ವಿಭಾಗಕ್ಕೆ. ಅಲ್ಲಿ ಕೂತಿದ್ದವರು ದಾಕ್ಷಾಯಣಮ್ಮ.

ಅವರ ಬಗ್ಗೆ ಹೇಳಲೇಬೇಕು. ಐವತ್ತು ದಾಟಿದ ಹೆಂಗಸು, ಒಂಟಿ. ಸಪೂರ ದೇಹ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಮಾತು ಕಡಿಮೆ. ಮಗುವಿನ ಜನನ ಪ್ರಮಾಣಪತ್ರ ತೆಗೆದುಕೊಳ್ಳಲು ಬಂದವರಿಗೆ "ಹೆಸರು ಚೆನ್ನಾಗಿದೆ" ಎಂದು ತಪ್ಪದೆ ಹೇಳುತ್ತಿದ್ದರು. ಮರಣದ ಪತ್ರಕ್ಕೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಆಮೇಲೆ ಕೆಲಸದ ಮಾತು. ಅವರ ಮೇಜಿನ ಮೇಲೆ ಹಳೆಯ ಫೋನೊಂದಿತ್ತು, ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಹೊದಿಕೆ. "ಇದನ್ನ ತೆಗೆದು ಹೊಸದು ಇಡ್ತೀನಿ ಅಮ್ಮಾ" ಎಂದೆ. "ನನಗ್ಯಾಕಪ್ಪಾ? ಬೇರೆ ಯಾರಿಗಾದ್ರೂ ಕೊಡು. ನನ್ನ ಫೋನಿಗೆ ಯಾರೂ ಸಿಗಲ್ಲ" ಎಂದರು. ಫೋನು ಕೆಟ್ಟಿರಬೇಕು ಅಂದುಕೊಂಡು ನಾನು ಹೊದಿಕೆ ಸರಿಸಿ, ರಿಸೀವರ್ ಎತ್ತಿ ಒಂದು ನಂಬರ್ ಒತ್ತಿದೆ. ಕಲಾ ಎತ್ತಿದಳು, "ಹೂಂ, ಹೇಳಿ, ಊಟಕ್ಕೆ ಬರಲ್ವಾ?" ಎಂದಳು. ನಾನು ಫೋನ್ ಇಟ್ಟು ದಾಕ್ಷಾಯಣಮ್ಮನ ಮುಖ ನೋಡಲಾರದೆ ಕೇಬಲಿನ ತುದಿ ಸುಲಿಯತೊಡಗಿದೆ. ಫೋನಿಗೆ ಏನೂ ಆಗಿರಲಿಲ್ಲ. ಅವರು ಫೋನ್ ಮಾಡಿದರೆ ಬರೀ ಗುಂಯ್ ಅನ್ನುವ ಸದ್ದು ಬರುತ್ತಿತ್ತು, ಅಷ್ಟೆ.

"ಮುಜುಗರ ಮಾಡ್ಕೋಬೇಡ ತಿಪ್ಪೇಶಿ. ನನಗೆ ರೂಢಿಯಾಗಿದೆ" ಎಂದು ಅವರೇ ನನ್ನನ್ನು ಸಂತೈಸಿದರು.

ಅವರ ಕತೆ ಊರಿನಲ್ಲಿ ಹಿರಿಯರಿಗೆಲ್ಲ ಗೊತ್ತಿದ್ದದ್ದೇ. ದಾಕ್ಷಾಯಣಮ್ಮ ಹುಡುಗಿಯಾಗಿದ್ದಾಗ ಶಂಭುಲಿಂಗಪ್ಪ ಅನ್ನುವವರು ಅವರನ್ನು ನೋಡಲು ಬಂದಿದ್ದರಂತೆ. ಅವಲಕ್ಕಿ, ಚಹಾ ಎಲ್ಲ ಆಗಿ, ಹುಡುಗ ಹೋಗುವಾಗ ಒಪ್ಪಿಗೆ ಕೊಟ್ಟದ್ದು ತಟ್ಟೆ ತೆಗೆಯಲು ಬಂದ ತಂಗಿ ಕಾತ್ಯಾಯನಿಗೆ. ಮನೆಯವರು ಏನು ಮಾಡುವುದೆಂದು ತಿಳಿಯದೆ ಕೂತಾಗ ಅಕ್ಕನೇ "ಮಾಡಿಕೊಡಿ" ಎಂದಿದ್ದರು. ಮದುವೆಯಾಯಿತು. ಆದರೆ ಅಕ್ಕ ಮದುವೆಗೆ ಹೋಗಲಿಲ್ಲ, ತಂಗಿಯ ಮನೆಯ ಮೆಟ್ಟಿಲು ತುಳಿಯಲಿಲ್ಲ. ತಂಗಿಯೂ ಬರಲಿಲ್ಲ. ತಂಗಿ ಗಂಡನ ಜೊತೆ ಊರಿನ ಆಚೆ ತುದಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ನಡೆದರೆ ಅರ್ಧ ಗಂಟೆಯ ದಾರಿ. ಆ ದಾರಿ ಅಷ್ಟು ವರ್ಷ ಹಾಗೇ ಉಳಿಯಿತು.

ಅದನ್ನೆಲ್ಲ ನಾನು ಕೇಳಲಿಲ್ಲ. ಕೇಬಲ್ ಗೋಡೆಗೆ ಬಡಿಯುತ್ತಿದ್ದಾಗ ಅವರಾಗಿಯೇ ಒಂದು ಮಾತು ಹೇಳಿದರು. "ಮೊದಮೊದಲು ದಿನಾ ಮಾಡ್ತಿದ್ದೆ ತಿಪ್ಪೇಶಿ. ಕಾತಿ ಒಂದು ಸಲ ನೆನೆಸಿದ್ರೂ ಸಾಕಿತ್ತು, ಅವಳಿಗೆ ಹೋಗ್ತಿತ್ತು. ಹೋಗಲಿಲ್ಲ. ಸರಿ, ಅವಳಾದ್ರೂ ಮಾಡ್ತಾಳೇನೋ ಅಂತ ಕಾದೆ. ನಾನಂತೂ ಅವಳನ್ನ ನೆನೆಸ್ತಾನೇ ಇದ್ದೆ, ಮಾಡಿದ್ರೆ ನನಗೇ ಬರಬೇಕಲ್ಲ. ಬರಲಿಲ್ಲ. ಅಂದ ಮೇಲೆ ಇನ್ನೇನು ಉಳೀತು?" ಸಿಟ್ಟಿಲ್ಲ, ಅಳುವಿಲ್ಲ. ಮಳೆ ಬರಲಿಲ್ಲ ಅಂದ ಹಾಗೆ ಹೇಳಿದರು. ನಮ್ಮೂರಲ್ಲಿ ಫೋನಿನ ಸಾಕ್ಷಿಗೆ ಎದುರು ಸಾಕ್ಷಿ ಇರಲಿಲ್ಲ.

ನಾನು ಅವರ ಮೇಜಿಗೂ ಹೊಸ ಫೋನ್ ಇಟ್ಟೆ. ಕೇಬಲ್ ಹೇಗೂ ಅಲ್ಲಿಯ ತನಕ ಬಂದಿದೆಯಲ್ಲ ಅಂತ ನೆವ ಹೇಳಿದೆ. ಅವರು ಹಳೆಯ ಹೊದಿಕೆಯನ್ನು ಅದಕ್ಕೂ ಹೊದಿಸಿದರು. ಫೋನಿನ ಪರದೆ ಕಾಣಬೇಕು ಅಮ್ಮಾ ಅಂದಾಗ, ಮಾರನೆಯ ದಿನ ಹೊದಿಕೆಗೆ ಪರದೆಯಷ್ಟಗಲ ಕಿಟಕಿ ಕತ್ತರಿಸಿ, ಅಂಚು ಹೊಲಿದು ತಂದಿದ್ದರು.

ಮೊದಲ ದಿನ ಸರ್ವರ್ ಸತಾಯಿಸಿತು. ಗಂಟೆ ಸರಿಯಾದ ಮೇಜಿಗೇ ಹೋಗುತ್ತಿತ್ತು, ಆದರೆ ಮಾತು ಒಂದೇ ಕಡೆಗೆ. ಮೇಡಂ ಹೇಳಿದ್ದು ಆರೋಗ್ಯ ವಿಭಾಗಕ್ಕೆ ಕೇಳುತ್ತಿತ್ತು, ಆರೋಗ್ಯ ವಿಭಾಗದವರು ಹೇಳಿದ್ದು ಮೇಡಂಗೆ ಕೇಳುತ್ತಿರಲಿಲ್ಲ. ಸಿಬ್ಬಂದಿಗೆ ಇದೇನೂ ತೊಂದರೆ ಅನ್ನಿಸಲಿಲ್ಲ. "ಹಂಗೇ ಇರಲಿ ಬಿಡೋ, ಮೊದಲೂ ಹಂಗೇ ಇತ್ತಲ್ಲ" ಎಂದರು. ನಾನು ರೂಟರಿನ ಮುಂದೆ ಕೂತು ಒಂದೊಂದೇ ಸೆಟ್ಟಿಂಗ್ ಬದಲಿಸುತ್ತ ಹೋದೆ. ಸಂಜೆಯ ಹೊತ್ತಿಗೆ ಎರಡು ಕಡೆಯ ಮಾತೂ ಬಂತು. ಮೊದಲು ಕರೆ ಹೋದದ್ದು ಮೇಡಂನಿಂದ ನೀರು ಸರಬರಾಜಿಗೆ. ಎತ್ತಿದ್ದು ನೀರು ಸರಬರಾಜಿನವರೇ. ಮೇಡಂಗೆ ಎಷ್ಟು ಖುಷಿಯಾಯಿತೆಂದರೆ, ಏನು ಕೇಳಬೇಕೆಂದಿದ್ದರೋ ಅದನ್ನೇ ಮರೆತರು.

ಅಂದಿನಿಂದ ಕಚೇರಿಯಲ್ಲಿ ಹೊಸದೊಂದು ಮರ್ಯಾದೆ ಹುಟ್ಟಿಕೊಂಡಿತು. ಫೋನ್ ಎತ್ತಿದವರು ಮೊದಲು, "ನಿಮ್ಮನ್ನ ನೆನೆಸ್ತಾ ಇರಲಿಲ್ಲ, ಬೇಜಾರು ಮಾಡ್ಕೋಬೇಡಿ, ಹೇಳಿ" ಎನ್ನುವುದು. ಆ ಕಡೆಯವರು, "ಪರವಾಗಿಲ್ಲ, ಈಗ ನೆನೆಸಿದ್ರಲ್ಲ" ಎನ್ನುವುದು. ಆಮೇಲೆ ವಿಷಯ. ದಾಕ್ಷಾಯಣಮ್ಮನ ಫೋನೂ ಗಂಟೆ ಹೊಡೆಯತೊಡಗಿತು. ಮೊದಲ ಸಲ ಹೊಡೆದಾಗ ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರಂತೆ. ತೆರಿಗೆ ವಿಭಾಗದವರು ಯಾವುದೋ ಮರಣದ ದಿನಾಂಕ ಕೇಳಿದ್ದು. ಆಮೇಲೆ ಇವರೂ ಒಂದೊಂದು ಮೇಜಿಗೆ ಫೋನ್ ಮಾಡಲು ಶುರುಮಾಡಿದರು. ಕೆಲಸವೇನೂ ಇರುತ್ತಿರಲಿಲ್ಲ. "ಜನನ-ಮರಣದಿಂದ ಮಾತಾಡೋದು. ಸುಮ್ನೆ ನೋಡ್ದೆ, ಬರುತ್ತಾ ಅಂತ" ಎಂದು ಇಟ್ಟುಬಿಡುತ್ತಿದ್ದರು. ಯಾರೂ ಬೇಸರಪಡಲಿಲ್ಲ. ಆರೋಗ್ಯ ವಿಭಾಗದ ನಜೀಮಾ ಅಂತೂ ಆ ಹೊತ್ತಿಗೆ ಚಹಾ ತರಿಸಿಕೊಂಡು ಕಾಯುತ್ತಿದ್ದಳು.

ಆದರೆ ಇದೆಲ್ಲ ಕಚೇರಿಯ ಗೋಡೆಯೊಳಗೆ. ಹೊರಗಿನ ನಂಬರಿಗೆ ಕರೆ ಹೋಗುತ್ತದೋ ಇಲ್ಲವೋ ನೋಡುವುದು ಬಾಕಿ ಇತ್ತು. ಸಭೆಯ ದಿನ ಬೆಳಿಗ್ಗೆ ಮೇಡಂ ನನ್ನನ್ನು ಕರೆದುಕೊಂಡು ವಿಭಾಗಗಳನ್ನು ಸುತ್ತಿದರು. ಜನನ-ಮರಣ ವಿಭಾಗಕ್ಕೆ ಬಂದಾಗ ಅವರಿಗೆ ಒಂದು ನೆನಪಾಯಿತು. "ಸದಸ್ಯರಿಗೆ ಮಧ್ಯಾಹ್ನ ಊಟ ಹೇಳೇ ಇಲ್ಲ ನಾವು! ದಾಕ್ಷಾಯಣಮ್ಮ, ನೀವೇ ಒಂದು ಫೋನ್ ಮಾಡಿ. ಹೊರಗಿನ ಕರೆ ಟೆಸ್ಟ್ ಮಾಡಿದ ಹಾಗೂ ಆಗುತ್ತೆ. ಆ ರೊಟ್ಟಿ ಕೇಂದ್ರ ಇದೆಯಲ್ಲ, ಊರಾಚೆ, ಅಲ್ಲಿ ಚೆನ್ನಾಗಿರುತ್ತಂತೆ" ಎಂದರು. ಮೇಡಂಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. "ನಾನು ಮಾಡ್ತೀನಿ ಮೇಡಂ" ಎಂದು ಕೈ ಚಾಚಿದೆ. ದಾಕ್ಷಾಯಣಮ್ಮ ನನ್ನ ಕೈಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರು.

ನಂಬರ್ ಅವರಿಗೆ ಬಾಯಿಪಾಠವಿತ್ತು. ಒತ್ತಿದರು. ಪರೀಕ್ಷೆಯಾದ್ದರಿಂದ ಸ್ಪೀಕರ್ ಹಾಕಿದ್ದೆವು. ಗಂಟೆ ಹೋಗುತ್ತಿರುವುದು ಕೋಣೆಗೆಲ್ಲ ಕೇಳಿಸುತ್ತಿತ್ತು. ಆ ಕಡೆ ಯಾರೋ ಎತ್ತಿದರು. ಹಿಟ್ಟು ಬಡಿಯುವ ಸದ್ದು, ಒಲೆಯ ಸದ್ದು, ಅದರ ನಡುವೆ ಒಂದು ಹೆಂಗಸಿನ ದನಿ, ಗಲಿಬಿಲಿಯಿಂದ. "ಯಾರು?"

ಆ ಮಾತನ್ನು ಫೋನಿನಲ್ಲಿ ನಾನು ಅವತ್ತೇ ಮೊದಲು ಕೇಳಿದ್ದು. ದಾಕ್ಷಾಯಣಮ್ಮ, "ಪುರಸಭೆಯಿಂದ" ಎಂದರು. ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅದೇ ದನಿ, ಈಗ ಸಣ್ಣಗೆ, "ಅಕ್ಕಾ?" ಎಂದಿತು.

ಮೇಡಂ ನನ್ನ ಮುಖ ನೋಡಿದರು, ಏನೋ ಅರ್ಥವಾಗಿ ಮೆಲ್ಲಗೆ ಹೊರಗೆ ನಡೆದರು. ನಾನು ಸ್ಪೀಕರ್ ಆರಿಸಲು ಬಾಗಿದೆ. ದಾಕ್ಷಾಯಣಮ್ಮ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, "ಬಿಡು ತಿಪ್ಪೇಶಿ, ಯಾರಾದ್ರೂ ಜೊತೆಗೆ ಇರಲಿ" ಎಂದರು. ಹಾಗಾಗಿ ನಾನು ಗೋಡೆಗೆ ಮುಖ ಮಾಡಿ, ಇಲ್ಲದ ತಂತಿಯನ್ನು ಸರಿಪಡಿಸುವವನಂತೆ ನಿಂತುಕೊಂಡೆ.

"ನನ್ನ ನೆನೆಸ್ತಾ ಇದ್ಯಾ ಕಾತಿ?" ಎಂದು ಇವರು ಕೇಳಿದರು.

"ಇಲ್ಲ" ಎಂದಳು ಆಕೆ. ಸುಳ್ಳು ಹೇಳಲು ಆಕೆಗೆ ಬರುತ್ತಿರಲಿಲ್ಲ ಅಂತ ಕಾಣುತ್ತದೆ. "ರೊಟ್ಟಿ ಬಡೀತಾ ಇದ್ದೆ. ಸುಳ್ಳು ಯಾಕೆ ಹೇಳಲಿ? ನಿನ್ನ ನೆನೆಸಿದ್ರೆ ನನಗೆ ಕೈ ಓಡಲ್ಲ ಅಕ್ಕ. ರೊಟ್ಟಿ ಸೀದು ಹೋಗುತ್ತೆ. ಅದಕ್ಕೇ ನೆನೆಸಬಾರದು ಅಂತ ರೂಢಿ ಮಾಡ್ಕೊಂಡೆ. ಕಷ್ಟಪಟ್ಟೇ ಮಾಡ್ಕೊಂಡೆ."

"ಸರಿ" ಎಂದರು ದಾಕ್ಷಾಯಣಮ್ಮ. "ಸರಿ ಬಿಡು. ನೀನೊಂದು ಸಲ ಆದ್ರೂ ಫೋನ್ ಮಾಡ್ಬೋದಿತ್ತು. ನಾನು ನಿನ್ನ ನೆನೆಸ್ತಾನೇ ಇದ್ದೆ."

ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಅಳುವೋ ನಗುವೋ ನನಗೆ ತಿಳಿಯಲಿಲ್ಲ. "ಮಾಡಲಿಲ್ಲ ಅಂದ್ಕೊಂಡ್ಯಾ? ಮದುವೆಯಾದ ವಾರದಿಂದ ಮಾಡಿದೀನಿ. ಹಬ್ಬ ಬಂದ್ರೆ ಮಾಡಿದೀನಿ, ಮಕ್ಕಳು ಹುಟ್ಟಿದಾಗ ಮಾಡಿದೀನಿ. ಯಾವ ನಂಬರ್ ಒತ್ತಿದ್ರೂ ನಮ್ಮನೆಯೋರೇ ಎತ್ತೋರು! ಮೊಬೈಲ್ ಬಂದ ಮೇಲಂತೂ ಎದುರಿಗೇ ನಿಂತು ಹೆಂಚಿನ ಮೇಲೆ ರೊಟ್ಟಿ ತಿರುವಿ ಹಾಕ್ತಾ ಇರ್ತಾರೆ, ಅವರ ಜೇಬಲ್ಲೇ ರಿಂಗ್ ಆಗುತ್ತೆ. 'ನಾನು ಅಕ್ಕಂಗೆ ಮಾಡಿದ್ದು, ನೀವು ಒಂದು ನಿಮಿಷ ನನ್ನ ನೆನೆಸೋದು ನಿಲ್ಲಿಸ್ರೀ' ಅಂತೀನಿ. ಆ ಪುಣ್ಯಾತ್ಮ ಪ್ರಯತ್ನ ಮಾಡ್ತಾರೆ. ಕಣ್ಣು ಮುಚ್ಕೊಂಡು ಬೆಲ್ಲದ ರೇಟು ಲೆಕ್ಕ ಹಾಕ್ತಾರೆ. ಮತ್ತೆ ಅವರ ಜೇಬಲ್ಲೇ ರಿಂಗು. ನಾನು ಏನು ಮಾಡ್ಲಿ ಅಕ್ಕ?"

ಆ ಕಡೆ ಹಿಂದಿನಿಂದ ಒಂದು ಗಂಡಸಿನ ದನಿ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ, "ನನ್ನ ಕೈಯಲ್ಲಿ ಆಗಲಿಲ್ಲ ಅಂತ ಹೇಳು" ಎಂದದ್ದೂ ಕೇಳಿಸಿತು.

ನಾನು ತಿರುಗಿ ನೋಡಿದೆ. ದಾಕ್ಷಾಯಣಮ್ಮನ ಮುಖದ ಮೇಲೆ ಏನೇನೋ ಹಾದುಹೋಯಿತು. ಅವರನ್ನು ನೋಡಲು ಬಂದು ಬೇಡವೆಂದು ಹೋದ ಮನುಷ್ಯ ತಂಗಿಯನ್ನು ಒಂದು ನಿಮಿಷವೂ ಮರೆಯಲಾರ ಅನ್ನುವ ಮಾತು ಸುಲಭಕ್ಕೆ ಇಳಿಯುವಂಥದ್ದಲ್ಲ. ಇಳಿದ ಮೇಲೆ ಅವರು ನಕ್ಕರು. ಆ ಕಚೇರಿಯಲ್ಲಿ ಅವರು ಜೋರಾಗಿ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ. ಪಕ್ಕದ ವಿಭಾಗದಿಂದ ನಜೀಮಾ ಇಣುಕಿ ನೋಡಿದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡು, "ಬೆಲ್ಲದ ರೇಟು!" ಎಂದರು. ಮತ್ತೆ ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು, ಪುರಸಭೆಯ ದನಿಯಲ್ಲಿ, "ಮಧ್ಯಾಹ್ನ ಸಭೆಗೆ ಊಟ ಬೇಕು. ರೊಟ್ಟಿ, ಎಣ್ಣೆಗಾಯಿ, ಮೊಸರು. ಮೆತ್ತಗಿರಲಿ ರೊಟ್ಟಿ, ಗುರುಶಾಂತಪ್ಪನೋರಿಗೆ ಹಲ್ಲಿಲ್ಲ" ಎಂದು ಫೋನ್ ಇಟ್ಟರು.

ಊಟವನ್ನು ಸಾಮಾನ್ಯವಾಗಿ ಆಟೋದವನ ಕೈಯಲ್ಲಿ ಕಳಿಸುತ್ತಾರೆ. ಅವತ್ತು ಕಾತ್ಯಾಯನಮ್ಮ ತಾನೇ ಬಂದಳು. ಅಕ್ಕನಿಗಿಂತ ದಪ್ಪ, ಮೊಣಕೈವರೆಗೆ ಹಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು. ರೊಟ್ಟಿಯ ಬುಟ್ಟಿ ಹಿಡಿದು ಮೊಗಸಾಲೆಯಲ್ಲಿ ನಿಂತಳು. ದಾಕ್ಷಾಯಣಮ್ಮ ಎದುರಿಗೆ ಬಂದು ನಿಂತರು. ಅಪ್ಪಿಕೊಳ್ಳುತ್ತಾರೆ ಅಂದುಕೊಂಡು ನಾವೆಲ್ಲ ಬೇರೆ ಕಡೆ ನೋಡಿದೆವು. ಅಂಥದ್ದೇನೂ ಆಗಲಿಲ್ಲ. "ಕೂದಲೆಲ್ಲ ಬೆಳ್ಳಗಾಗಿದೆಯಲ್ಲೇ" ಎಂದರು ಅಕ್ಕ. "ನಿಂದೇನು ಕಪ್ಪಗಿದೆಯಾ?" ಎಂದಳು ತಂಗಿ. ಇಬ್ಬರೂ ಬುಟ್ಟಿಯ ಎರಡು ಹಿಡಿ ಹಿಡಿದುಕೊಂಡು ಒಳಗೆ ನಡೆದರು. ಇಬ್ಬರೂ ಸೇರಿ ಬಡಿಸಿದರು. ಯಾವ ಸದಸ್ಯರಿಗೆ ಏನು ಬೇಕೆಂದು ಅಕ್ಕ ಹೇಳುತ್ತಿದ್ದರು, ತಂಗಿ ಅದಕ್ಕೆ ಸರಿಯಾಗಿ ತಟ್ಟೆಗೆ ಹಾಕುತ್ತಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಮನೆಗೆ ಬರ್ತೀಯಾ?" ಎಂದು ಕೇಳಿದಳು. "ನೋಡೋಣ" ಎಂದರು ದಾಕ್ಷಾಯಣಮ್ಮ. ತಂಗಿ ಮತ್ತೆ ಒತ್ತಾಯ ಮಾಡಲಿಲ್ಲ.

ಊಟವಾದ ಮೇಲೆ ಸರ್ವರಿನ ವಿಷಯ ಬಂತು. ಪರಸಪ್ಪ ಸದಸ್ಯನಲ್ಲ, ಆದರೂ ಬಾಗಿಲಲ್ಲಿ ನಿಂತು ಕೈ ಮುಗಿದ. "ಯಜಮಾನ್ರೇ, ಅದನ್ನ ತೆಗೀಬೇಡಿ. ಈಗ ಊಟಕ್ಕೆ ಮುಂಚೆ ಇಲ್ಲಿಂದಲೇ ಮೊದಲ ಸಲ ಹೆಂಡ್ತಿ ಜೊತೆ ಫೋನಲ್ಲಿ ಮಾತಾಡಿದೀನಿ. ಅವಳ ದನಿ ಫೋನಲ್ಲಿ ಬೇರೇನೇ ಇದೆ, ಮೆತ್ತಗಿದೆ" ಎಂದ. ಸಭೆ ನಕ್ಕಿತು. ಎಲ್ಲರೂ ಗುರುಶಾಂತಪ್ಪನವರ ಕಡೆ ನೋಡಿದರು. ಅವರು ರೊಟ್ಟಿಯ ಕೊನೆಯ ತುಂಡನ್ನು ಮೊಸರಲ್ಲಿ ಅದ್ದಿ ತಿಂದು ಮುಗಿಸಿ, "ನನಗೆ ಈಗಲೂ ಅದು ಸರಿ ಕಾಣಲ್ಲ. ನನ್ನ ನೆನಪಿಲ್ಲದೋರಿಗೆ ನಾನು ಯಾವತ್ತೂ ಫೋನ್ ಮಾಡಲ್ಲ. ಆದ್ರೆ ಮಾಡಬೇಕು ಅನ್ನೋರು ಮಾಡ್ಕೊಳ್ಳಲಿ, ಅಡ್ಡ ಬರಲ್ಲ. ನಮ್ಮನೆ ನಂಬರ್ ಮಾತ್ರ ಆ ಡಬ್ಬಿಗೆ ಹೇಳಿಕೊಡಬೇಡ ತಿಪ್ಪೇಶಿ" ಎಂದರು. ಮೇಡಂ ಒಪ್ಪಿದರು. ಇವತ್ತಿಗೂ ಆ ಮನೆಗೆ ಪುರಸಭೆಯಿಂದ ಏನಾದರೂ ತಿಳಿಸಬೇಕಾದರೆ ಒಬ್ಬರು ನಡೆದೇ ಹೋಗುತ್ತಾರೆ, ಹೋದವರು ಮಜ್ಜಿಗೆ ಕುಡಿದೇ ಬರುತ್ತಾರೆ.

ನನ್ನ ಮನೆಯ ವಿಷಯವೂ ಒಂದು ಹದಕ್ಕೆ ಬಂತು. ಕಚೇರಿಯ ಫೋನಿನಿಂದ ಮಾಡಿದಾಗ ಕಲಾಳನ್ನು ನಾನು ತಪ್ಪದೆ ಕೇಳುತ್ತೇನೆ, ನೆನೆಸ್ತಾ ಇದ್ಯಾ ಅಂತ. ಒಮ್ಮೊಮ್ಮೆ "ಹೂಂ" ಅನ್ನುತ್ತಾಳೆ, ಒಮ್ಮೊಮ್ಮೆ "ಇಲ್ಲಪ್ಪ, ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ ಯೋಚನೆ ಮಾಡ್ತಿದ್ದೆ" ಅನ್ನುತ್ತಾಳೆ. ಯಾವುದು ನಿಜ ಅಂತ ಯೋಚಿಸುವುದು ಬಿಟ್ಟಿದ್ದೇನೆ.

ದಾಕ್ಷಾಯಣಮ್ಮ ಮತ್ತು ಕಾತ್ಯಾಯನಮ್ಮ ದಿನಾ ಫೋನಿನಲ್ಲಿ ಮಾತಾಡತೊಡಗಿದರು. ಆದರೆ ಅಕ್ಕ ತಂಗಿಯ ಮನೆಗೆ ಹೋಗಲಿಲ್ಲ. ನಾನೂ ನಜೀಮಾಳೂ ಸೂಕ್ಷ್ಮವಾಗಿ ಕೇಳಿ ನೋಡಿದೆವು. "ಹೋಗ್ತೀನಿ, ಹೋಗ್ತೀನಿ" ಎನ್ನುತ್ತಿದ್ದರು. ಶ್ರಾವಣ ಕಳೆಯಿತು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಬಂದು ನಿಂತಿದ್ದರು. ರೇಷ್ಮೆ ಅಂಚಿನ ಸೀರೆ, ಕೈಯಲ್ಲಿ ಹಣ್ಣಿನ ಚೀಲ. "ತಿಪ್ಪೇಶಿ, ಸ್ಕೂಟರಲ್ಲಿ ಸ್ವಲ್ಪ ಬಿಡ್ತೀಯೇನಪ್ಪಾ? ನಡ್ಕೊಂಡು ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದುಬಿಡ್ತೀನಿ ನಾನು" ಎಂದರು.

ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅವರು ನನ್ನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದಿದ್ದರು. ರೊಟ್ಟಿ ಕೇಂದ್ರದ ಹಿಂದೆಯೇ ತಂಗಿಯ ಮನೆ. ಗೇಟಿನ ಹತ್ತಿರ ಇಳಿದಾಗ ಅಂಗಳದಲ್ಲಿ ಒಬ್ಬ ಬೊಕ್ಕ ತಲೆಯ, ಬನಿಯನ್ ಹಾಕಿದ ಮನುಷ್ಯ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನಮ್ಮನ್ನು ನೋಡಿ ಗಾಬರಿಯಿಂದ ಎದ್ದು, ಹೆಗಲ ಮೇಲಿನ ಟವೆಲಿನಿಂದ ಎದೆ ಮುಚ್ಚಿಕೊಂಡು, "ಬನ್ನಿ ಅಕ್ಕ, ಬನ್ನಿ ಬನ್ನಿ" ಎಂದು, ಒಳಗೆ ಹೇಳಲು ಓಡಿದರು. ದಾಕ್ಷಾಯಣಮ್ಮ ಅವರ ಬೆನ್ನನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ಇವರೇ ಏನೋ?"

"ಇವರೇ ಅಮ್ಮಾ. ಶಂಭುಲಿಂಗಪ್ಪನೋರು."

"ಅಯ್ಯೋ, ನನಗೆ ಮುಖಾನೇ ನೆನಪಿರಲಿಲ್ಲ ಕಣೋ" ಎಂದರು. ಅವರ ದನಿಯಲ್ಲಿ ಬೆರಗಿತ್ತು. "ಇಷ್ಟು ವರ್ಷ ಸಿಟ್ಟು ಇಟ್ಕೊಂಡಿದ್ದೀನಲ್ಲ, ಅದರೊಳಗೆ ಇವರು ಇರಲೇ ಇಲ್ಲ ನೋಡು. ಬರೀ ಕಾತಿನೇ ಇದ್ಲು." ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ಒಳಗೆ ಹೋದರು.

ನಾನು ಹೊರಡಬೇಕೆಂದು ಸ್ಕೂಟರ್ ತಿರುಗಿಸುತ್ತಿದ್ದೆ. ಒಳಗಿನಿಂದ ದನಿಗಳು ಏರತೊಡಗಿದವು. ಅಡಿಗೆಮನೆಯಲ್ಲಿ ಗುರೆಳ್ಳು ಚಟ್ನಿಪುಡಿ ಕುಟ್ಟುತ್ತಿದ್ದರಂತೆ, ಅದರ ಮೇಲೆ ಹತ್ತಿಕೊಂಡಿತ್ತು. "ಅವ್ವ ಇದಕ್ಕೆ ಬೆಳ್ಳುಳ್ಳಿ ಹಾಕ್ತಾನೇ ಇರಲಿಲ್ಲ ಕಣೇ!" "ಹಾಕ್ತಿದ್ಲು!" "ನಾನು ಪಕ್ಕದಲ್ಲೇ ಕೂತು ಕುಟ್ಟಿದೋಳು, ನನಗೆ ಹೇಳ್ಕೊಡ್ತೀಯಾ?" "ನೀನು ಕುಟ್ಟಿದ್ದು ಸುಳ್ಳು, ಕುಟ್ಟಿದ್ದು ನಾನು, ನೀನು ತಿಂದಿದ್ದು!" ಶಂಭುಲಿಂಗಪ್ಪನವರು ಮೆಲ್ಲಗೆ ಹೊರಗೆ ಬಂದು ಜಗಲಿಯ ಮೇಲೆ ಕೂತರು. ನನ್ನನ್ನೂ ಕೈ ಮಾಡಿ ಕರೆದರು. ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು, ಒಳಗಿನ ಜಗಳಕ್ಕೆ ಕಿವಿಗೊಟ್ಟು, "ಎಷ್ಟು ಹೊತ್ತು ನಡೀಬಹುದು ಇದು?" ಎಂದು ಕೇಳಿದರು.

"ಬಹಳ ವರ್ಷದ್ದು ಬಾಕಿ ಇದೆ ಸಾರ್" ಎಂದೆ.

ಅವರು ತಲೆದೂಗಿದರು. ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದು, "ನಡೀಲಿ, ನಡೀಲಿ" ಎಂದರು.